ಬಂದವರು ಕಲಿಸಿದ ಬಯಲು

1912ರ ಹೊತ್ತಿಗೆ ಕೆನಡಾದ ಪಶ್ಚಿಮ ಕರಾವಳಿಯತ್ತ ರೈಲಿನಲ್ಲಿ ಹೊರಟವರಿಗೆ ರಾಕಿ ಪರ್ವತಗಳನ್ನು ದಾಟಿ ಗೋಲ್ಡನ್ ಎಂಬ ಪುಟ್ಟ ಊರು ಬರುತ್ತಿದ್ದಂತೆ ಕಿಟಕಿಯಾಚೆ ಹೊಸದೊಂದು ನೋಟ ಕಾಣತೊಡಗಿತು. ಗುಡ್ಡದ ಇಳಿಜಾರಿನಲ್ಲಿ ಆರು ಮರದ ಮನೆಗಳು, ಥೇಟ್ ಸ್ವಿಟ್ಜರ್ಲೆಂಡಿನ ಹಳ್ಳಿ. ಹೆಸರು ಎಡೆಲ್‌ವೈಸ್. ಕಟ್ಟಿಸಿದ್ದು ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿ. ಅಲ್ಲಿ ಸಂಸಾರ ಹೂಡಿದವರೂ ನಿಜವಾದ ಸ್ವಿಸ್ ಕುಟುಂಬಗಳೇ. ಗಂಡಸರೆಲ್ಲ ಕಂಪನಿಯ ಸಂಬಳದ ಮೇಲಿದ್ದ ಪರ್ವತ ಗೈಡುಗಳು. ಅವರು ದುಡಿಯುತ್ತಿದ್ದದ್ದು ಮಾತ್ರ ಅಲ್ಲಿಂದ ದೂರದ ಲೇಕ್ ಲೂಯಿಸ್ ಮತ್ತು ಗ್ಲೇಸಿಯರ್ ಹೌಸ್ ಹೋಟೆಲುಗಳಲ್ಲಿ. ಬೇಸಿಗೆಯುದ್ದಕ್ಕೂ ಹೆಂಗಸರು ಮಕ್ಕಳಷ್ಟೇ ಗುಡ್ಡದ ಮೇಲೆ. ಜಾಗ ಗೊತ್ತುಮಾಡುವಾಗ ಮನೆಯೊಳಗಿನವರ ಅನುಕೂಲಕ್ಕಿಂತ ರೈಲಿನ ಕಿಟಕಿಗೆ ಹೇಗೆ ಕಂಡೀತು ಎಂಬುದನ್ನೇ ಕಂಪನಿ ಹೆಚ್ಚು ನೋಡಿಕೊಂಡಿತ್ತು.

ಈ ಗೈಡುಗಳನ್ನು ಕರೆತರುವ ಯೋಚನೆ ಹುಟ್ಟಿದ್ದು ಒಂದು ಸಾವಿನಿಂದ. 1896ರ ಆಗಸ್ಟಿನಲ್ಲಿ ಫಿಲಿಪ್ ಆ್ಯಬಟ್ ಎಂಬ ಅಮೆರಿಕನ್ ಆರೋಹಿ ಲೇಕ್ ಲೂಯಿಸ್ ಬಳಿಯ ಮೌಂಟ್ ಲೆಫ್ರಾಯ್ ಹತ್ತುವಾಗ ಬಿದ್ದು ಸತ್ತ. ಬೆಟ್ಟಗಳನ್ನು ತೋರಿಸಿ ಟಿಕೆಟ್ ಮಾರುತ್ತಿದ್ದ ಕಂಪನಿಗೆ ಇದು ನುಂಗಲಾರದ ತುತ್ತಾಯಿತು. 1899ರಲ್ಲಿ ಅದು ಇಂಟರ್‌ಲಾಕನ್ ಕಡೆಯ ಎಡ್ವರ್ಡ್ ಫಾಯ್ಟ್ಸ್ ಮತ್ತು ಕ್ರಿಶ್ಚಿಯನ್ ಹೇಸ್ಲರ್ ಎಂಬ ಇಬ್ಬರನ್ನು ಕೆಲಸಕ್ಕೆ ತೆಗೆದುಕೊಂಡಿತು. ಹಿಂದೆಯೇ ಅವರ ಮಕ್ಕಳು, ನೆಂಟರು, ಊರವರು ಬಂದರು. ಹಗ್ಗ ಬಿಗಿಯುವುದು, ನೀರ್ಗಲ್ಲಿನಲ್ಲಿ ಕೊಡಲಿಯಿಂದ ಮೆಟ್ಟಿಲು ಕಡಿಯುವುದು, ಬಿರುಕಿನ ಮೇಲೆ ಮುಚ್ಚಿಕೊಂಡ ಹಿಮವನ್ನು ಗುರುತಿಸುವುದು ಎಲ್ಲವನ್ನೂ ನ್ಯೂಯಾರ್ಕಿನ ವಕೀಲರಿಗೂ ಲಂಡನ್ನಿನ ಪ್ರೊಫೆಸರರಿಗೂ ಹೇಳಿಕೊಟ್ಟರು. ಕೊನೆಯ ಗೈಡುಗಳು ನಿವೃತ್ತರಾದ 1954ರವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿದ ಆ ಅವಧಿಯಲ್ಲಿ, ಅವರನ್ನು ನಂಬಿ ಬೆಟ್ಟ ಹತ್ತಿದ ಒಬ್ಬ ಗಿರಾಕಿಯೂ ಪ್ರಾಣ ಕಳೆದುಕೊಳ್ಳಲಿಲ್ಲ.

ಆ್ಯಬಟ್ ಹೆಸರಿನದೇ ಕಣಿವೆಯ ನೆತ್ತಿಯಲ್ಲಿ 1922ರಲ್ಲಿ ಇವರು ಕಟ್ಟಿದ ಕಲ್ಲಿನ ಮನೆ ಸಮುದ್ರಮಟ್ಟದಿಂದ ಸುಮಾರು 2,925 ಮೀಟರ್ ಎತ್ತರದಲ್ಲಿತ್ತು. ಕಲ್ಲು ಅಲ್ಲೇ ಸಿಕ್ಕಿತು; ಸಿಮೆಂಟು, ಮರ, ಒಲೆಗಳನ್ನು ಹಿಮನದಿಯ ಮೇಲೆ ಕುದುರೆಗಳ ಬೆನ್ನಲ್ಲಿ ಹೋಗುವಷ್ಟು ದೂರ ಹೊರಿಸಿ, ಮುಂದಿನ ಕಡಿದಾದ ದಾರಿಯನ್ನು ತಾವೇ ಹೊತ್ತು, ಎಳೆದು ಸಾಗಿಸಿದರು. ಹೆಚ್ಚುಕಡಿಮೆ ನೂರು ವರ್ಷ ಚಾರಣಿಗರಿಗೆ ನೆರಳಾಗಿದ್ದ ಆ ಮನೆಯ ಬುಡದ ಮಂಜು ಕರಗಿ ಇಳಿಜಾರು ಕುಸಿಯತೊಡಗಿದ್ದರಿಂದ 2022ರಲ್ಲಿ ಅದನ್ನು ಬಿಚ್ಚಬೇಕಾಯಿತು.

ಇಂದು ಕೆನಡಾಕ್ಕೆ ಹೊಸದಾಗಿ ಹೋದವರ ಕೈಗೆ ಬರುವ ಮಾರ್ಗದರ್ಶಿಗಳಲ್ಲಿ ವಾರಾಂತ್ಯ ಕಳೆಯುವ ಬಗೆಗಳ ಪಟ್ಟಿಯೊಂದು ಇದ್ದೇ ಇರುತ್ತದೆ: ಸ್ಕೀಯಿಂಗ್ ಕಲಿಯಿರಿ, ಬೆಟ್ಟ ಹತ್ತಿರಿ, ಈಜಲು ಹೋಗಿ, ಡೇರೆ ಹಾಕಿ. ಇವೆಲ್ಲ ಆ ನೆಲದವರ ಹುಟ್ಟುಗುಣ, ಬಂದವರು ಕಲಿತು ಒಗ್ಗಿಕೊಳ್ಳಬೇಕು ಎನ್ನುವ ಧಾಟಿ. ಕೆನಡಾದ ಪಶ್ಚಿಮ ಕರಾವಳಿಯ ಪ್ರಾಂತ್ಯವಾದ ಬ್ರಿಟಿಷ್ ಕೊಲಂಬಿಯಾದ ಚರಿತ್ರೆ ಕೆದಕಿದರೆ ಲೆಕ್ಕ ತಿರುವುಮುರುವಾಗುತ್ತದೆ. ಆ ಪಟ್ಟಿಯ ಬಹುಪಾಲನ್ನು ಕಲಿಸಿಕೊಟ್ಟವರು ಹಡಗಿನಿಂದ ಇಳಿದು ಹೆಚ್ಚು ದಿನವಾಗಿರದ ವಲಸಿಗರು. ಆದರೆ ಹಾಗೆ ಕಲಿಸಿದವರಲ್ಲಿ, ಆಡಿದವರಲ್ಲಿ ಎಲ್ಲರಿಗೂ ಬಯಲು ಒಂದೇ ರೀತಿ ತೆರೆದುಕೊಳ್ಳಲಿಲ್ಲ.

ಸ್ಕೀಯಿಂಗ್‌ನದೂ ಇದೇ ಕತೆ. 1913ರಲ್ಲಿ ನಾರ್ವೆಯಿಂದ ಹತ್ತೊಂಬತ್ತರ ಹುಡುಗ ನೆಲ್ಸ್ ನೆಲ್ಸನ್ ರೆವೆಲ್‌ಸ್ಟೋಕ್ ಎಂಬ ರೈಲ್ವೆ ಊರಿಗೆ ಬಂದ. ಅಲ್ಲಿ ಆಗಲೇ ನೆಲೆಯೂರಿದ್ದ ಸ್ಕ್ಯಾಂಡಿನೇವಿಯನ್ನರು ಚಳಿಗಾಲದಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಗುಡ್ಡದಿಂದ ಜಿಗಿಯುತ್ತಿದ್ದರು. ಮರುವರ್ಷ ಸ್ಕೀ ಕ್ಲಬ್ ಹುಟ್ಟಿತು. 1925ರಲ್ಲಿ ಅದೇ ಗುಡ್ಡದಿಂದ ನೆಲ್ಸನ್ 240 ಅಡಿ, ಅಂದರೆ ಸುಮಾರು 73 ಮೀಟರ್ ದೂರ ಹಾರಿ ವಿಶ್ವದಾಖಲೆ ಬರೆದ. ಹೊಟ್ಟೆಪಾಡಿಗೆ ರೈಲ್ವೆ ಕೆಲಸ, ಹೆಸರಿಗೆ ಹಿಮದ ಹಾರಾಟ. ಮುಂದೆ ಬೇಟೆಯಲ್ಲಿ ನಡೆದ ಅವಘಡದಲ್ಲಿ ಕೈ ಕಳೆದುಕೊಂಡ ಮೇಲೆ ಅವನ ಹಾರಾಟ ನಿಂತಿತು. ಗುಡ್ಡಕ್ಕೆ ಅವನ ಹೆಸರು ಉಳಿಯಿತು.

ಪೂರ್ವದ ಕ್ವಿಬೆಕ್‌ನಲ್ಲಿ ಇದೇ ಕೆಲಸವನ್ನು ಇನ್ನೊಬ್ಬ ನಾರ್ವೆಯವ, 1875ರಲ್ಲಿ ಹುಟ್ಟಿದ ಹರ್ಮನ್ ಸ್ಮಿತ್ ಯೋಹಾನ್ಸನ್ ಮಾಡಿದ. 1929ರ ಆರ್ಥಿಕ ಕುಸಿತದಲ್ಲಿ ಯಂತ್ರಗಳ ವ್ಯಾಪಾರ ನೆಲಕಚ್ಚಿತು. ಕೈ ಖಾಲಿಯಾದವ ಲಾರೆನ್ಷಿಯನ್ ಬೆಟ್ಟಗಳ ಕಾಡಿನಲ್ಲಿ ಮರಗಳ ನಡುವೆ ಸ್ಕೀ ದಾರಿಗಳನ್ನು ಕಡಿಯುತ್ತ ಹೋದ. ಊರಿಂದೂರಿಗೆ ನೂರು ಕಿಲೋಮೀಟರಿಗೂ ಮಿಕ್ಕಿ ಸಾಗುವ ಮೇಪಲ್ ಲೀಫ್ ಟ್ರೈಲ್ ಅವನ ದುಡಿಮೆ. 'ಜಾಕ್‌ರ್‍ಯಾಬಿಟ್' ಎಂದೇ ಹೆಸರಾದ ಅವನು 1987ರಲ್ಲಿ ತೀರಿಕೊಂಡಾಗ ವಯಸ್ಸು 111. ಇನ್ನು 1951ರಲ್ಲಿ ಆಸ್ಟ್ರಿಯಾದಿಂದ ಕೂಲಿನಾಲಿಗೆ ಬಂದ ಹಾನ್ಸ್ ಗ್ಮೋಸರ್ 1965ರಲ್ಲಿ ಬುಗಾಬೂ ಪರ್ವತಗಳಿಗೆ ಹೆಲಿಕಾಪ್ಟರಿನಲ್ಲಿ ಜನರನ್ನು ಕರೆದೊಯ್ದು ಸ್ಕೀ ಮಾಡಿಸುವ ದಂಧೆಯನ್ನೇ ಹುಟ್ಟುಹಾಕಿದ.

ಇವರೆಲ್ಲ ಯೂರೋಪಿನ ಬಿಳಿಯರು. ಭಾಷೆ ತೊದಲಿದರೂ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಬಣ್ಣ ಬೇರೆಯಾದಾಗ ಏನಾಯಿತು ಎಂಬುದನ್ನು ನೋಡಲು ರೈಲುಹಳಿಯ ಕೊನೆಗೆ, ವ್ಯಾಂಕೂವರಿಗೆ ಬರಬೇಕು.

1885ರ ಸೆಪ್ಟೆಂಬರಿನಲ್ಲಿ 'ರಾಬರ್ಟ್ ಕೆರ್' ಎಂಬ ಹಡಗಿನಲ್ಲಿ ಕೆರಿಬಿಯನ್ ಮೂಲದ ಕಪ್ಪು ಯುವಕನೊಬ್ಬ ಇಲ್ಲಿಗೆ ಬಂದಿಳಿದ. ಸೆರಾಫಿಮ್ ಜೋಸೆಫ್ ಫೋರ್ಟಸ್. ಊರವರ ಬಾಯಲ್ಲಿ ಜೋ. ಬೂಟು ಪಾಲಿಶ್, ಹೆಂಡದಂಗಡಿಯಲ್ಲಿ ಪರಿಚಾರಿಕೆ, ಹೀಗೆ ಸಿಕ್ಕ ಕೆಲಸ ಮಾಡುತ್ತ ಬಿಡುವು ಸಿಕ್ಕಿದಾಗಲೆಲ್ಲ ಇಂಗ್ಲಿಷ್ ಬೇ ಎಂಬ ಕಡಲತೀರಕ್ಕೆ ಹೋಗುತ್ತಿದ್ದ. ಊರ ಮಕ್ಕಳಿಗೆ ಈಜು ಕಲಿಸತೊಡಗಿದ. ಕಾಸು ಕೇಳಲಿಲ್ಲ. ಕೊನೆಗೆ ತೀರದಲ್ಲೇ ಗುಡಿಸಲು ಹಾಕಿಕೊಂಡ. 1900ರಲ್ಲಿ ನಗರಾಡಳಿತ ಅವನನ್ನು ಸಂಬಳದ ಜೀವರಕ್ಷಕನನ್ನಾಗಿ ನೇಮಿಸಿತು. ವ್ಯಾಂಕೂವರಿನ ಮೊದಲ ಅಧಿಕೃತ ಜೀವರಕ್ಷಕ ಅವನೇ. ದಾಖಲೆಗೆ ಸಿಕ್ಕಂತೆ ಅವನು ನೀರಿನಿಂದ ಎಳೆದು ಉಳಿಸಿದ ಜೀವಗಳು 29. ತೀರದ ಮನೆಗಳನ್ನೆಲ್ಲ ನಗರಾಡಳಿತ ತೆರವು ಮಾಡಿಸಿದಾಗ ಅವನ ಗುಡಿಸಲನ್ನು ಕೆಡವದೆ ಪಕ್ಕದ ಅಲೆಕ್ಸಾಂಡ್ರಾ ಪಾರ್ಕಿನ ಬಳಿಗೆ ಸಾಗಿಸಿ ಇಡಲಾಯಿತು.

1922ರ ಫೆಬ್ರವರಿಯಲ್ಲಿ ಜೋ ಸತ್ತಾಗ ಅಂತ್ಯಯಾತ್ರೆಗೆ ಊರೇ ನೆರೆಯಿತು. ಐದು ವರ್ಷದ ಮೇಲೆ ಆ ಪಾರ್ಕಿನಲ್ಲಿ ಅವನ ನೆನಪಿಗೆ ಕುಡಿಯುವ ನೀರಿನ ಕಲ್ಲಿನ ಕಾರಂಜಿಯೊಂದು ಎದ್ದಿತು. ಮಕ್ಕಳ ಬಾಯಿಗೆ ಎಟುಕುವಷ್ಟು ತಗ್ಗಿನಲ್ಲಿ ಅದರ ಬೋಗುಣಿ. ದೊಡ್ಡವರು ಕುಡಿಯಬೇಕಾದರೆ ಸೊಂಟ ಬಗ್ಗಿಸಬೇಕು. ಅದನ್ನು ಕಡೆದ ಚಾರ್ಲ್ಸ್ ಮರೇಗಾ ಕೂಡ ವಲಸಿಗ. ಇಟಲಿಯ ಗಡಿಯ ಕಡೆಯವ.

ಇಷ್ಟು ಪ್ರೀತಿ ತೋರಿದ ಊರು ಅದೇ ದಶಕದ ಕೊನೆಯಲ್ಲಿ ಅದೇ ಕಡಲತೀರದ ಪಕ್ಕ ಕ್ರಿಸ್ಟಲ್ ಪೂಲ್ ಎಂಬ ಒಳಾಂಗಣ ಈಜುಕೊಳವನ್ನು ತೆರೆಯಿತು. ಕರಿಯರು, ಚೀನೀಯರು, ಜಪಾನೀಯರು ಅಲ್ಲಿ ನೀರಿಗಿಳಿಯಲು ವಾರದಲ್ಲಿ ಒಂದೇ ದಿನ. ಉಳಿದ ದಿನಗಳೆಲ್ಲ ಬಿಳಿಯರಿಗೆ. ಈ ನಿಯಮ ಬಿದ್ದುಹೋಗಲು 1945ರವರೆಗೆ ಕಾಯಬೇಕಾಯಿತು. ಜೋ ಬದುಕಿದ್ದಿದ್ದರೆ, ತಾನೇ ಈಜು ಕಲಿಸಿದವರ ಮಕ್ಕಳು ಆಡುವ ಕೊಳಕ್ಕೆ ಅವನೂ ಆ ಒಂದು ದಿನ ನೋಡಿಕೊಂಡೇ ಹೋಗಬೇಕಿತ್ತು.

ಬಯಲು ಯಾರದು ಎಂಬ ಪ್ರಶ್ನೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಇಂಗ್ಲಿಷ್ ಬೇ ತೀರಕ್ಕೆ ಅಂಟಿಕೊಂಡಿರುವ ಸ್ಟ್ಯಾನ್ಲಿ ಪಾರ್ಕ್ 1888ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಪಾರ್ಕಾಗುವ ಮೊದಲು ಅದು ಕಾಡಷ್ಟೇ ಆಗಿರಲಿಲ್ಲ. ಖ್ವೈಖ್ವೈ ಎಂಬ ಮೂಲನಿವಾಸಿಗಳ ಊರು ಅಲ್ಲಿತ್ತು. ಅವರು ತಲೆಮಾರುಗಳಿಂದ ತಿಂದು ಬಿಸುಟ ಕಡಲಚಿಪ್ಪುಗಳ ದಿಬ್ಬವನ್ನು ಅಗೆದು, ಆ ಚಿಪ್ಪನ್ನೇ ವಿಹಾರದ ರಸ್ತೆಗೆ ಹಾಸಲಾಯಿತು. ಸಾರೋಟಿನಲ್ಲಿ ಗಾಳಿಸವಾರಿಗೆ ಹೊರಟ ವಸಾಹತುಗಾರರು ಸಾಗಿದ್ದು ಆ ಬಿಳಿಯ ಹಾದಿಯ ಮೇಲೆ. ಇಲ್ಲಿ ನೆಲೆಸಿದ ಯೂರೋಪಿಯನ್ನರೂ ಹೊಸಬರೇ, ಆದರೆ ವಿಹಾರದ ಜಾಗವನ್ನು ಅಳೆದು ಬೇಲಿ ಹಾಕುವ ಅಧಿಕಾರ ಅವರ ಕೈಯಲ್ಲಿತ್ತು.

ಇದೇ ಪಾರ್ಕಿನ ಬ್ರಾಕ್ಟನ್ ಪಾಯಿಂಟ್ ಮೈದಾನದಲ್ಲಿ ಇಂಗ್ಲಿಷರು ಕ್ರಿಕೆಟ್ ಆಡುತ್ತಿದ್ದರು. 1932ರಲ್ಲಿ ಉತ್ತರ ಅಮೆರಿಕ ಪ್ರವಾಸಕ್ಕೆ ಬಂದಿದ್ದ ಡಾನ್ ಬ್ರಾಡ್ಮನ್ ಒಂದು ಕಡೆ ಕಡಲು, ಇನ್ನೊಂದು ಕಡೆ ಬೆಟ್ಟವಿರುವ ಈ ಮೈದಾನಕ್ಕೆ ಮಾರುಹೋಗಿದ್ದರು.

ಚೀನೀಯರ ಪಾಲಿಗೆ ಆ ಕಾಲ ಬೇರೆಯದೇ. ಗೈಡುಗಳನ್ನು ಸಾಗಿಸಿದ ಆ ರೈಲುಹಳಿಯನ್ನು ಬಂಡೆ ಒಡೆದು ಹಾಸಿದವರಲ್ಲಿ ಸಾವಿರಾರು ಚೀನೀ ಕೂಲಿಗಳಿದ್ದರು. ಹಳಿ ಮುಗಿದ 1885ರಲ್ಲೇ, ದೇಶಕ್ಕೆ ಬರುವ ಪ್ರತಿ ಚೀನೀಯನ ಮೇಲೆ 50 ಡಾಲರ್ ತಲೆಗಂದಾಯ ಬಿತ್ತು. 1903ರ ಹೊತ್ತಿಗೆ ಅದು 500 ಡಾಲರ್. 1923ರಲ್ಲಿ ಬಾಗಿಲನ್ನೇ ಜಡಿಯಲಾಯಿತು. ಇಂಥ ದಿನಗಳಲ್ಲಿ ವ್ಯಾಂಕೂವರಿನ ಚೈನಾಟೌನ್ ಹುಡುಗರು 'ಚೈನೀಸ್ ಸ್ಟೂಡೆಂಟ್ಸ್' ಎಂಬ ಫುಟ್ಬಾಲ್ ತಂಡ ಕಟ್ಟಿದರು. ಅದರ ಮಿಂಚು ಕ್ವೀನ್ ಯಿಪ್ ಎಂಬ ಫಾರ್ವರ್ಡ್ ಆಟಗಾರ. ಎದುರಾಳಿಗಳು ಮೈಕಟ್ಟಿನಲ್ಲಿ ದೊಡ್ಡವರು, ಆಟವೂ ಒರಟು. ಇವರು ಓಟ ಮತ್ತು ಪಾಸಿನಿಂದ ಉತ್ತರ ಕೊಟ್ಟರು. 1933ರಲ್ಲಿ ಬಿ.ಸಿ. ಮೇನ್‌ಲ್ಯಾಂಡ್ ಕಪ್ ಗೆದ್ದ ಮರುದಿನ ಚೈನಾಟೌನಿನ ಅಂಗಡಿಗಳಿಗೆ ರಜೆ, ಬೀದಿಯಲ್ಲಿ ಮೆರವಣಿಗೆ. ಮತದಾನದ ಹಕ್ಕೂ ಇಲ್ಲದ ಬೀದಿಗೆ ತನ್ನದೆಂದು ಹೇಳಿಕೊಳ್ಳಲು ಒಂದು ಕಪ್ ಸಿಕ್ಕಿತ್ತು.

ಅಲ್ಲಿಂದ ಕೂಗಳತೆಯಲ್ಲಿ ಪವೆಲ್ ಸ್ಟ್ರೀಟ್. ಜಪಾನೀ ವಲಸಿಗರ ಅಂಗಡಿ, ಸ್ನಾನಗೃಹ, ಮೀನು ಮಾರಾಟದ ಬೀದಿ. ಅದರ ನಡುವಿನ ಬಯಲಲ್ಲಿ 1914ರಲ್ಲಿ 'ಅಸಾಹಿ' ಎಂಬ ಬೇಸ್‌ಬಾಲ್ ತಂಡ ಹುಟ್ಟಿತು. ಆಟಗಾರರು ಮರದ ಮಿಲ್ಲುಗಳ, ಅಂಗಡಿಗಳ, ಮೀನುಗಾರರ ಮನೆಯ ಹುಡುಗರು. ಬಿಳಿಯ ತಂಡಗಳ ದಾಂಡಿಗರ ಎದುರು ತೋಳ್ಬಲದ ಪಂದ್ಯ ಕಟ್ಟಿದರೆ ಸೋಲು ಖಚಿತ. ಮ್ಯಾನೇಜರ್ ಹ್ಯಾರಿ ಮಿಯಾಸಾಕಿ ಬೇರೆ ದಾರಿ ಹಿಡಿದರು. ಬ್ಯಾಟನ್ನು ಬೀಸಬೇಡ, ಚೆಂಡಿಗೆ ಮೆತ್ತಗೆ ತಾಗಿಸು. ಅದು ಪಿಚರ್ ಮತ್ತು ಕ್ಯಾಚರ್ ನಡುವೆ ಸತ್ತು ಬೀಳಲಿ. ಅವರು ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಮೂರನೆಯ ಬೇಸಿನಲ್ಲಿ ಕಾದಿದ್ದವನು ಓಡಿ ಬಂದು ರನ್ ಕದಿಯಲಿ. ಪತ್ರಿಕೆಗಳು ಇದನ್ನು 'ಬ್ರೇನ್ ಬಾಲ್' ಎಂದು ಕರೆದವು. 1926ರಲ್ಲಿ ಟರ್ಮಿನಲ್ ಲೀಗ್ ಪಟ್ಟ ಬಂತು. 1937ರಿಂದ 1941ರವರೆಗೆ ಐದು ವರ್ಷ ಸತತವಾಗಿ ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಶಸ್ತಿ. ಜಪಾನೀಯರಿಗೆ ಬಾಡಿಗೆ ಮನೆ ಕೊಡಲೊಪ್ಪದ ಊರಿನ ಬಿಳಿಯರೂ ಮೈದಾನದ ಸುತ್ತ ನಿಂತು ಇವರಿಗೆ ಚಪ್ಪಾಳೆ ತಟ್ಟುತ್ತಿದ್ದರು.

1941ರ ಸೆಪ್ಟೆಂಬರಿನಲ್ಲಿ ಆಡಿದ್ದೇ ಕೊನೆ. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತು. ಕರಾವಳಿಯಿಂದ 100 ಮೈಲಿಯೊಳಗಿದ್ದ ಜಪಾನೀ ಮೂಲದವರನ್ನೆಲ್ಲ, ಸುಮಾರು 22,000 ಜನರನ್ನು, ಸರ್ಕಾರ ಮನೆಮಠಗಳಿಂದ ಎಬ್ಬಿಸಿತು. ಅವರಲ್ಲಿ ಬಹುಪಾಲು ಕೆನಡಾದ ಪ್ರಜೆಗಳೇ. ಸಾವಿರಾರು ಮಂದಿಯನ್ನು ಮೊದಲು ಕೂಡಿಹಾಕಿದ್ದು ಹೇಸ್ಟಿಂಗ್ಸ್ ಪಾರ್ಕಿನಲ್ಲಿ. ವರ್ಷಕ್ಕೊಮ್ಮೆ ಊರೆಲ್ಲ ಜಾತ್ರೆಗೆ ನೆರೆಯುತ್ತಿದ್ದ, ಕುದುರೆ ರೇಸು ನಡೆಯುತ್ತಿದ್ದ ಜಾಗ ಅದು. ಪ್ರದರ್ಶನಕ್ಕೆ ತಂದ ದನಕರು ಕಟ್ಟುತ್ತಿದ್ದ ಕೊಟ್ಟಿಗೆಗಳಲ್ಲಿ ಹೆಂಗಸರು, ಮಕ್ಕಳು ಮಲಗಿದರು. ಅಲ್ಲಿಂದ ಒಳನಾಡಿನ ಶಿಬಿರಗಳಿಗೆ ಸಾಗಿಸುವಾಗ ದೊಡ್ಡವರಿಗೆ ತಲಾ 150 ಪೌಂಡ್ ಸಾಮಾನಿಗಷ್ಟೇ ಅನುಮತಿ. ಅಕ್ಕಿಮೂಟೆ, ಹಾಸಿಗೆ, ಮಡಕೆಕುಡಿಕೆಗಳ ಲೆಕ್ಕದಲ್ಲೇ ಕೆಲವರು ಬೇಸ್‌ಬಾಲ್ ಕೈಗವಸನ್ನೂ ತುರುಕಿಕೊಂಡರು.

ಅಸಾಹಿ ತಂಡದ ಕಿರಿಯ ಆಟಗಾರ ಕೇ ಕಾಮಿನಿಶಿ ಹೀಗೆ ಹೋಗಿ ತಲುಪಿದ್ದು ಫ್ರೇಸರ್ ನದಿಯಾಚೆಯ ಈಸ್ಟ್ ಲಿಲುವೆಟ್ ಶಿಬಿರಕ್ಕೆ. ಈಚೆ ದಡದ ಲಿಲುವೆಟ್ ಊರಿಗೆ ಶಿಬಿರದವರು ಕಾಲಿಡುವಂತಿರಲಿಲ್ಲ. ಊರ ತಂಡದೊಂದಿಗೆ ಒಂದು ಪಂದ್ಯ ಆಡಿದರೆ ಹೇಗೆ ಎಂದು ಕಾಮಿನಿಶಿ ಕಾವಲಿನ ಪೊಲೀಸನನ್ನು ಕೇಳಿದರು. ಪಂದ್ಯ ನಡೆಯಿತು, ಇನ್ನೊಂದೂ ನಡೆಯಿತು. ಎರಡು ದಡಗಳ ನಡುವಿನ ಬಿಗು ಬರಬರುತ್ತ ಸಡಿಲಿತು. ಉಳಿದ ಶಿಬಿರಗಳಲ್ಲೂ ಅಸಾಹಿಯ ಹುಡುಗರು ತಂಡ ಕಟ್ಟಿದರು. ಯುದ್ಧ ಮುಗಿದ ಮೇಲೂ ಕರಾವಳಿಗೆ ಮರಳಲು ಬಿಟ್ಟದ್ದು 1949ರ ಏಪ್ರಿಲ್ ಒಂದರಂದು. ಅಷ್ಟರಲ್ಲಿ ಅವರ ಮನೆ, ದೋಣಿ, ಅಂಗಡಿಗಳನ್ನು ಸರ್ಕಾರವೇ ಮಾರಿಬಿಟ್ಟಿತ್ತು. ಅಸಾಹಿ ಮತ್ತೆ ಮೈದಾನಕ್ಕಿಳಿಯಲಿಲ್ಲ. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 21,000 ಡಾಲರ್ ಕೊಟ್ಟಿತು. 2003ರಲ್ಲಿ ಇಡೀ ತಂಡಕ್ಕೆ ಕೆನಡಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿತು.

ಭಾರತದಿಂದ ಹೋದವರ ಆಟದ ಚರಿತ್ರೆ ಗರಗಸದ ಮಿಲ್ಲುಗಳಲ್ಲಿ ಶುರುವಾಗುತ್ತದೆ. 1914ರಲ್ಲಿ ಕೊಮಾಗಾಟಾ ಮಾರು ಹಡಗಿನ 376 ಪ್ರಯಾಣಿಕರನ್ನು ಎರಡು ತಿಂಗಳು ಬಂದರಿನಲ್ಲೇ ತಡೆದು, ಬೆರಳೆಣಿಕೆಯವರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದಕ್ಕಟ್ಟಿದ್ದು ಇದೇ ವ್ಯಾಂಕೂವರಿನಲ್ಲಿ. ಅದಕ್ಕೂ ಮೊದಲೇ ಬಂದು ನೆಲೆಸಿದ್ದ ಪಂಜಾಬಿಗಳು ಮಿಲ್ಲುಗಳಲ್ಲಿ ಮರ ಕೊಯ್ಯುತ್ತಿದ್ದರು. 1967ರಲ್ಲಿ ಮೂಲದೇಶವನ್ನು ನೋಡದೆ ಓದು, ಕಸುಬು, ಭಾಷೆಗಳಿಗೆ ಅಂಕ ಕೊಡುವ ಪದ್ಧತಿ ಬಂದ ಮೇಲೆ ಸಂಖ್ಯೆ ಏರಿತು. ಸರ್ರೆಯಂಥ ಊರುಗಳಲ್ಲಿ ಕಬಡ್ಡಿ ಅಂಕಣಗಳು ಕಾಣಿಸಿಕೊಂಡವು. ಐಸ್ ಹಾಕಿಯೂ ಅನ್ಯವಾಗಿ ಉಳಿಯಲಿಲ್ಲ. ವ್ಯಾಂಕೂವರ್ ದ್ವೀಪದ ಡಂಕನ್ ಊರಿನ ರಾಬಿನ್ ಬಾವಾ 1989ರಲ್ಲಿ ಆ ಆಟದ ಅತಿ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ಗೆ ಕಾಲಿಟ್ಟರು. ಆ ಮಟ್ಟಕ್ಕೇರಿದ ಭಾರತೀಯ ಮೂಲದ ಮೊದಲಿಗರು ಅವರು. 2008ರಲ್ಲಿ ಹಾಕಿಗೆ ಪಂಜಾಬಿ ವೀಕ್ಷಕ ವಿವರಣೆ ಶುರುವಾಯಿತು. 2016ರಲ್ಲಿ ಆ ಲೀಗಿನ ಸ್ಟ್ಯಾನ್ಲಿ ಕಪ್ ಫೈನಲಿನಲ್ಲಿ ಪಿಟ್ಸ್‌ಬರ್ಗ್ ತಂಡದ ನಿಕ್ ಬೊನಿನೊ ಗೋಲು ಹೊಡೆದಾಗ ವಿವರಣೆಕಾರ ಹರನಾರಾಯಣ್ ಸಿಂಗ್ ಅವನ ಹೆಸರನ್ನು ಒಂದೇ ಉಸಿರಿನಲ್ಲಿ ಮೇಲಿಂದ ಮೇಲೆ ಕೂಗಿದ್ದು ಎಷ್ಟು ಜನಪ್ರಿಯವಾಯಿತೆಂದರೆ, ಪಿಟ್ಸ್‌ಬರ್ಗ್ ತಂಡ ತನ್ನ ವಿಜಯೋತ್ಸವಕ್ಕೆ ಪಂಜಾಬಿ ಬಳಗವನ್ನೇ ಕರೆಸಿಕೊಂಡಿತು.

ಕ್ರಿಕೆಟ್ಟಿನದು ಇನ್ನೊಂದು ತಿರುವು. ಕೆನಡಾ ಮತ್ತು ಅಮೆರಿಕ 1844ರಷ್ಟು ಹಿಂದೆಯೇ ನ್ಯೂಯಾರ್ಕಿನಲ್ಲಿ ಪರಸ್ಪರ ಆಡಿದ್ದವು. ಇಂಗ್ಲಿಷರ ಮೊಮ್ಮಕ್ಕಳು ಕೈಬಿಟ್ಟ ಆ ಆಟಕ್ಕೆ ಕೆರಿಬಿಯನ್, ಪಾಕಿಸ್ತಾನ, ಭಾರತ, ಶ್ರೀಲಂಕಾಗಳಿಂದ ಬಂದವರು ಮರುಜೀವ ಕೊಟ್ಟರು. 1996ರ ಸೆಪ್ಟೆಂಬರಿನಲ್ಲಿ ಟೊರಾಂಟೊದ ಹಳೆಯ ಕ್ಲಬ್ ಮೈದಾನದಲ್ಲಿ ಸಹಾರಾ ಕಪ್ ನಡೆದಾಗ ಭಾರತದ ಪರ ಇಳಿದವರಲ್ಲಿ ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ದ್ರಾವಿಡ್ ಇದ್ದರು. ಐದು ಪಂದ್ಯಗಳ ಸರಣಿ 3-2ರಿಂದ ಪಾಕಿಸ್ತಾನದ ಪಾಲಾಯಿತು. ಬೇಸಿಗೆಯ ಶನಿವಾರ ಭಾನುವಾರಗಳಲ್ಲಿ ಕನ್ನಡ ಕೂಟಗಳು ಪಾರ್ಕಿನ ಚಪ್ಪರ ಕಾದಿರಿಸಿ ಪಿಕ್ನಿಕ್ ನಡೆಸುವ ರೂಢಿಯೂ ಇದೇ ಸಾಲಿನದು. ಮಕ್ಕಳಿಗೆ ಲಗೋರಿ, ದೊಡ್ಡವರಿಗೆ ಹಗ್ಗಜಗ್ಗಾಟ, ಮರದಡಿ ಸಾಲಾಗಿ ತಟ್ಟೆಗಳು.

ಸರ್ಕಾರ ಮತ್ತು ಸಂಸ್ಥೆಗಳು ಹೊಸಬರ ಬಿಡುವಿನ ಬಗ್ಗೆ ತಲೆ ಕೆಡಿಸಿಕೊಂಡದ್ದು ತೀರ ಈಚೆಗೆ. 1942ರಲ್ಲಿ ಹಾಂಗ್‌ಕಾಂಗಿನಿಂದ ಮೂರು ವರ್ಷದ ನಿರಾಶ್ರಿತ ಮಗುವಾಗಿ ಬಂದ ಏಡ್ರಿಯನ್ ಕ್ಲಾರ್ಕ್‌ಸನ್ 1999ರಿಂದ 2005ರವರೆಗೆ ದೇಶದ ಗವರ್ನರ್ ಜನರಲ್ ಆಗಿದ್ದರು. ಅವರು ಪತಿಯೊಂದಿಗೆ ಸೇರಿ ಕಟ್ಟಿದ ಸಂಸ್ಥೆ 2008ರಲ್ಲಿ ಹೊಸ ಪ್ರಜೆಗಳಿಗೆ ಒಂದು ವರ್ಷ ವಸ್ತುಸಂಗ್ರಹಾಲಯಗಳಿಗೆ ಪುಕ್ಕಟೆ ಪ್ರವೇಶ ಕೊಡಿಸುವ ಪಾಸನ್ನು ತಂದಿತು. ಮುಂದೆ ರಾಷ್ಟ್ರೀಯ ಉದ್ಯಾನಗಳೂ ಅದರೊಳಗೆ ಬಂದವು. 2011ರಲ್ಲಿ ಉದ್ಯಾನಗಳ ಇಲಾಖೆ 'ಲರ್ನ್ ಟು ಕ್ಯಾಂಪ್' ಎಂಬ ಕಾರ್ಯಕ್ರಮ ಶುರುಮಾಡಿತು. ಒಂದು ಕಾಲದಲ್ಲಿ ರೈಲ್ವೆ ಕಂಪನಿ ಸಂಬಳ ಕೊಟ್ಟು ವಲಸಿಗರನ್ನು ತರಿಸಿ, ಹಣವಂತ ಪ್ರವಾಸಿಗರಿಗೆ ಬೆಟ್ಟ ಹತ್ತಿಸಿತ್ತು. ಈಗ ಇಲಾಖೆಯ ಸಿಬ್ಬಂದಿ ಕಾಡನ್ನೇ ನೋಡದ ನಗರದ ಹೊಸಬರನ್ನು ಸುತ್ತ ಕೂರಿಸಿಕೊಂಡು, ಡೇರೆಯ ಗೂಟ ಬಡಿಯುವುದನ್ನೂ ಕ್ಯಾಂಪ್ ಸ್ಟವ್ ಹಚ್ಚುವುದನ್ನೂ ಹೇಳಿಕೊಡುತ್ತಾರೆ. ತಪ್ಪದೆ ಹೇಳುವ ಪಾಠ ಕರಡಿಯದು. ವಾಸನೆ ಬರುವ ಯಾವುದನ್ನೂ ಡೇರೆಯೊಳಗೆ ಇಡುವಂತಿಲ್ಲ. ತಿಂದ ತಟ್ಟೆ, ಹಲ್ಲುಜ್ಜುವ ಪೇಸ್ಟ್, ಪಿಕ್ನಿಕ್ಕಿನಿಂದ ಮಿಕ್ಕ ಬಿಸಿಬೇಳೆಬಾತ್ ಯಾವುದಾದರೂ ಸರಿ, ರಾತ್ರಿ ಮಲಗುವ ಮೊದಲು ಕಾರಿನೊಳಗೋ ಕಬ್ಬಿಣದ ಪೆಟ್ಟಿಗೆಯೊಳಗೋ ಇಟ್ಟು ಬೀಗ ಹಾಕಬೇಕು.